ಎಡಗಡೆ ಸೀಟಿನ ಮೇಷ್ಟ್ರು

ನಮ್ಮ ಭಾವ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹಾಗಂದ ಕೂಡಲೇ ಅವರು ದಿನವಿಡೀ ಕಾರು ಓಡಿಸುತ್ತಾರೆ ಎಂದು ನೀವು ತಿಳಿದುಕೊಂಡರೆ ಅದು ನಿಮ್ಮ ತಪ್ಪು, ನಮ್ಮ ಭಾವನದಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರು ಬಲಗಡೆ ಕೂರುತ್ತಾರೆ, ಅವರನ್ನು ಬದುಕಿಸುವವರು ಎಡಗಡೆ. ಭಾವ ಎಡಗಡೆಯವರು. ಅವರ ಕಾಲ ಬಳಿ ಹೆಚ್ಚಿಗೆ ಒಂದು ಕ್ಲಚ್ಚು, ಒಂದು ಬ್ರೇಕು ಜೋಡಿಸಿರುತ್ತಾರೆ. ಕಲಿಯುವವನು ಸ್ಟಿಯರಿಂಗ್ ಹಿಡಿದು "ದೇವರೇ" ಎಂದು ಕಣ್ಣು ಮುಚ್ಚಿಕೊಂಡಾಗ ಭಾವ ತಮ್ಮ ಕಡೆಯಿಂದ ಎರಡನ್ನೂ ಒತ್ತಿ ಗಾಡಿ ನಿಲ್ಲಿಸುತ್ತಾರೆ. ಈ ಊರಿನ ಅರ್ಧಕ್ಕರ್ಧ ಜನ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದರೆ ಅದಕ್ಕೆ ತನ್ನ ಗಂಡನ ಬಲಗಾಲೇ ಕಾರಣ ಎಂದು ನಮ್ಮ ಅಕ್ಕ ಹೇಳುತ್ತಾಳೆ. ಗಂಡನ ಉಳಿದ ಭಾಗಗಳನ್ನು ಅವಳು ಹೊಗಳಿದ್ದು ನನಗೆ ನೆನಪಿಲ್ಲ.

ಆ ಕಾಲಿಗೆ ಬಿಡುವು ಎಂಬುದೇ ಇಲ್ಲ. ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತದೆ, ಸಿನಿಮಾದಲ್ಲಿ ಯಾರೋ ಕಾರು ಓಡಿಸಿದರೂ ಒತ್ತುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿಕೊಂಡೇ ಒತ್ತಿದಾಗ ಡಾಕ್ಟರು ಗಾಬರಿಯಿಂದ ಕೊರೆಯುವ ಯಂತ್ರವನ್ನೇ ನಿಲ್ಲಿಸಿದ್ದರು. ಭಾವನಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಒತ್ತಿದರು, ನಿಂತಿತು.

ಸ್ಕೂಲಿನ ಪಕ್ಕದಲ್ಲೇ ನನ್ನ ಕನ್ನಡಕದ ಅಂಗಡಿ. ಲೈಸೆನ್ಸಿಗೆ ಮೊದಲು ಕಣ್ಣು ತೋರಿಸಬೇಕಲ್ಲ, ಹಾಗಾಗಿ ಭಾವನ ಶಿಷ್ಯರೆಲ್ಲ ನನ್ನ ಗಿರಾಕಿಗಳು. ಒಂದು ಕಾಲದಲ್ಲಿ ಹದಿನೆಂಟು ತುಂಬಿದ ಬೆಳಿಗ್ಗೆಯೇ ಹುಡುಗರು ಬಂದು, ಸ್ಕೂಲಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹದಿನೇಳೂವರೆಗೇ ಬಂದು, ಚಿಗುರದ ಮೀಸೆ ಸವರಿ ತೋರಿಸಿ, "ಸರ್, ನೋಡಿ, ದೊಡ್ಡವನಾಗಿದ್ದೀನಿ" ಎಂದು ಗೋಗರೆಯುವವರೂ ಇದ್ದರು. ಈಗ ಅದೆಲ್ಲ ಹೋಯಿತು. ಈಗಿನವರನ್ನು ತಾಯಂದಿರು ರಟ್ಟೆ ಹಿಡಿದು, ಇಂಜೆಕ್ಷನ್ ಕೊಡಿಸಲು ಕರೆತಂದಂತೆ ಕರೆತರುತ್ತಾರೆ.

ಹಾಗೆ ಬಂದ ಒಬ್ಬ, ಬಲಗಡೆ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಕೇಳಿದ, "ಅಂಕಲ್, ಓಡಿಸ್ತಾ ಇರೋವಾಗ ಫೋನ್ ನೋಡಬಹುದಾ?"

"ಏಯ್, ಪ್ರಾಣ ಹೋಗುತ್ತೆ!"

"ಮತ್ತೆ ಅಷ್ಟು ಹೊತ್ತು ಏನು ಮಾಡೋದು?"

ಭಾವ ತಮ್ಮ ಜೀವಮಾನದಲ್ಲಿ ಎಂಥೆಂಥ ಪ್ರಶ್ನೆಗೋ ಉತ್ತರ ಕೊಟ್ಟವರು. ಇದಕ್ಕೆ ತಡವರಿಸಿದರು. "ರಸ್ತೆ ನೋಡಬೇಕಪ್ಪಾ" ಅಂದರು.

"ರಸ್ತೇಲಿ ಏನಿದೆ?" ಅಂದ ಹುಡುಗ.

ಮತ್ತೊಬ್ಬ ಹುಡುಗಿ ಒಳಗೂ ಬರಲಿಲ್ಲ. ಬಾಗಿಲಲ್ಲೇ ನಿಂತು ತನ್ನ ಅಮ್ಮನಿಗೆ ಹೇಳಿದಳು, "ಕಾರಿದ್ರೆ ತೊಳೀಬೇಕು, ನಿಲ್ಲಿಸೋಕೆ ಜಾಗ ಹುಡುಕಬೇಕು, ಯಾರಾದ್ರೂ ಗೀಚಿದ್ರೆ ಅಳಬೇಕು. ಅದರ ಬದಲು ನಾಯಿ ಸಾಕಿದ್ರೆ ಬಾಲನಾದ್ರೂ ಅಲ್ಲಾಡಿಸುತ್ತೆ." ನನಗೆ ಆ ಮಾತು ಸರಿ ಎನ್ನಿಸಿತು, ಆದರೆ ಭಾವ ಪಕ್ಕದಲ್ಲೇ ಇದ್ದುದರಿಂದ ತಲೆಯಾಡಿಸಲಿಲ್ಲ.

ಹೀಗಿರುವಾಗ ಕಟ್ಟಡದ ಮಾಲೀಕರು ಬಂದರು. "ಮೇಷ್ಟ್ರೇ, ಫೋನ್ ರಿಪೇರಿಯವನು ನಿಮ್ಮ ಜಾಗ ಕೇಳ್ತಾ ಇದ್ದಾನೆ. ನಿಮ್ಮಲ್ಲಿ ನೋಡಿದ್ರೆ ನೊಣ ಕೂಡ ಕಲಿಯೋಕೆ ಬರ್ತಿಲ್ಲ. ತಿಂಗಳ ಕೊನೆಗೆ ಹೇಳಿಬಿಡಿ, ಇರ್ತೀರೋ, ಖಾಲಿ ಮಾಡ್ತೀರೋ" ಎಂದು ನಗುನಗುತ್ತಲೇ ಹೇಳಿ ಹೋದರು. ಶಿಷ್ಯರ ಒಂದು ದೊಡ್ಡ ಗುಂಪು ಸಿಕ್ಕರೆ ಸ್ಕೂಲು ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ವಿಷಯ ಇಷ್ಟೇ. ಭಾವ ಹೊರಗೆ ಏನೂ ತೋರಿಸಿಕೊಳ್ಳಲಿಲ್ಲ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಸುಮ್ಮನೆ ನೆಲ ಒತ್ತುತ್ತಿದ್ದರು.

ಅವರು ಹಾಗೆ ಒತ್ತುತ್ತಾ ಕೂತಿದ್ದ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಅಧ್ಯಕ್ಷೆ ಬಂದರು. ಇವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಸಂತೆಬೀದಿಯ ಹಿಂದಿನ ದೊಡ್ಡ ವಸತಿ ಕಾಂಪೌಂಡಿನ ಸಂಘಕ್ಕೆ ಅಧ್ಯಕ್ಷೆ. ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅವರ ಯಜಮಾನರೂ ಆ ಧೈರ್ಯ ಮಾಡುವುದಿಲ್ಲ. ಮಂಡಿ ನೋವಿನಿಂದ ಮೆಲ್ಲಗೆ ನಡೆಯುತ್ತಾರೆ, ಆದರೆ ಅವರು ಬರುವ ಮೊದಲೇ ಅವರ ದನಿ ಬಂದು ಕೂತಿರುತ್ತದೆ.

"ನಮ್ಮ ಕಾಂಪೌಂಡಲ್ಲಿ ಕಾರುಗಳೆಲ್ಲ ಹೊದ್ದುಕೊಂಡು ಮಲಗಿವೆ ರೀ" ಎಂದು ಒಂದೊಂದೇ ಫ್ರೇಮು ಹಾಕಿ ನೋಡುತ್ತಾ ಶುರು ಮಾಡಿದರು. "ಅಪ್ಪಂದಿರಿಗೆ ಕಣ್ಣು ಮಂಜು, ಮಕ್ಕಳಿಗೆ ಮನಸ್ಸು ಮಂಜು. ನಮ್ಮನೆಯವರಿಗೆ ಓಡಿಸಬೇಡಿ ಅಂತ ನೀವೇ ಹೇಳಿದ್ರಿ. ಆವತ್ತಿಂದ ಕಾರು ಹಾಗೇ ನಿಂತಿದೆ. ಹೊದಿಕೆ ಮೇಲೆ ಬೆಕ್ಕು ಸಂಸಾರ ಹೂಡಿದೆ. ಮೊಮ್ಮಗನಿಗೆ ಇಪ್ಪತ್ತು ವರ್ಷ. ಕೀ ತಗೊಳ್ಳೋ ಅಂದ್ರೆ, ಪಾಪ ಬೆಕ್ಕಿಗೆ ತೊಂದರೆ ಆಗುತ್ತೆ ಅಜ್ಜಿ ಅಂತಾನೆ!"

"ಕಾಲ ಕೆಟ್ಟುಹೋಯ್ತು ಅಮ್ಮಾವ್ರೇ" ಅಂದರು ಭಾವ.

ಅಧ್ಯಕ್ಷೆ ಅವರ ಕಡೆ ತಿರುಗಿದರು. "ನಿಮಗೂ ಅದೇ ವಯಸ್ಸಿನ ಮಗಳಿದ್ದಾಳಲ್ಲ ಮೇಷ್ಟ್ರೇ. ಅವಳಾದ್ರೂ ಓಡಿಸ್ತಾಳೋ?"

ಇಲ್ಲಿ ಭಾವ "ಇಲ್ಲ" ಅನ್ನಬಹುದಿತ್ತು. ಎರಡೇ ಅಕ್ಷರ. ಆದರೆ ಡ್ರೈವಿಂಗ್ ಮೇಷ್ಟ್ರ ಮಗಳಿಗೇ ಡ್ರೈವಿಂಗ್ ಬರುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಮುಂದೆ ಒಪ್ಪಿಕೊಳ್ಳುವುದಕ್ಕೆ ಅವರ ನಾಲಿಗೆ ಏಳಲಿಲ್ಲ.

"ನನ್ನ ಮಗಳಾ? ಅವಳು ಸ್ಟಿಯರಿಂಗ್ ಹಿಡಿದ್ರೆ ನಾನು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತೀನಿ ಅಮ್ಮಾವ್ರೇ!"

ನಾನು ಕೆಮ್ಮಿದೆ.

"ರಿವರ್ಸು?" ಅಂದರು ಅಧ್ಯಕ್ಷೆ.

"ಮುಂದಕ್ಕಿಂತ ಹಿಂದಕ್ಕೇ ಚೆನ್ನಾಗಿ ಓಡಿಸ್ತಾಳೆ."

ನಾನು ಇನ್ನೂ ಜೋರಾಗಿ ಕೆಮ್ಮಿದೆ. ಅಧ್ಯಕ್ಷೆ ನನಗೆ ನೀರು ಕುಡಿಯಲು ಹೇಳಿ, ಭಾವನಿಗೆ ಅಪ್ಪಣೆ ಕೊಟ್ಟರು. "ಹಾಗಾದ್ರೆ ಭಾನುವಾರ ಬೆಳಿಗ್ಗೆ ಮಗಳನ್ನ ಕರ್ಕೊಂಡು ನಮ್ಮ ಕಾಂಪೌಂಡಿಗೆ ಬನ್ನಿ. ಅವಳು ಓಡಿಸಲಿ, ನಮ್ಮ ಹುಡುಗ್ರು ನೋಡಲಿ. ದೊಡ್ಡೋರು ಹೇಳಿದ್ರೆ ಇವರ ಕಿವಿಗೆ ಹೋಗಲ್ಲ, ಅವರ ವಯಸ್ಸಿನವಳು ಮಾಡಿ ತೋರಿಸಿದ್ರೆ ನಾಚಿಕೆ ಆಗುತ್ತೆ. ಆಮೇಲೆ ಅಷ್ಟೂ ಜನಾನ ನಾನೇ ಮುಂದೆ ನಿಂತು ನಿಮ್ಮ ಸ್ಕೂಲಿಗೆ ಸೇರಿಸ್ತೀನಿ. ನನ್ನ ಮಾತು ಅಂದ್ರೆ ಮಾತು."

ಅವರು ಹೋದ ಮೇಲೆ ನಾನು ಭಾವನ ಕಡೆ ತಿರುಗಿದೆ.

"ಬಾಯಿ ತಪ್ಪಿ ಬಂತು ಕಣೋ" ಅಂದರು ಭಾವ.

"ರಿವರ್ಸೂ ಬಾಯಿ ತಪ್ಪಿ ಬಂತಾ?"

"ಒಂದು ಸಲ ಉರುಳೋಕೆ ಶುರುವಾದ ಮೇಲೆ ನಿಲ್ಲಿಸೋಕೆ ಆಗಲಿಲ್ಲ."

ಈ ಮಾತನ್ನು ಹೇಳಿದವರು ಡ್ರೈವಿಂಗ್ ಮೇಷ್ಟ್ರು ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಅವರ ಮಗಳು, ನಮ್ಮ ಪುಟ್ಟಿ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೂಜಿ ಚುಚ್ಚಿದರೆ ಎದುರಿಗಿರುವವರಿಗೆ ಗೊತ್ತೇ ಆಗದ ಹಾಗೆ ಚುಚ್ಚುವ ಹುಡುಗಿ. ಹದಿನೆಂಟು ತುಂಬಿದಾಗ ಭಾವ ಅವಳಿಗೂ ಕಲಿಸಲು ಹೊರಟಿದ್ದರು. ಬೇರೆಯವರ ಮಕ್ಕಳಿಗೆ "ಕ್ಲಚ್ ಒತ್ತಪ್ಪಾ" ಎನ್ನುವವರು ತಮ್ಮ ಮಗಳಿಗೆ "ಕ್ಲಚ್ಚು! ಕ್ಲಚ್ಚು ಅಂದ್ರೆ ಕ್ಲಚ್ಚೇ!" ಎಂದು ಕಿರುಚಾಡಿದರು. ಅವಳು ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಚೀಲ ಎತ್ತಿಕೊಂಡು ಇಳಿದು, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಬಸ್ಸನ್ನೇ ಹತ್ತಿ ಮನೆಗೆ ಬಂದಳು. ಅವತ್ತೇ ಅವಳಿಗೆ ಬಸ್ಸು ಎಂಬುದರ ಸುಖ ತಿಳಿದದ್ದು. ಕಿಟಕಿ ಪಕ್ಕ ಕೂತರೆ ನಿದ್ದೆ ಮಾಡಬಹುದು, ಹಾಡು ಕೇಳಬಹುದು, ಪಕ್ಕದಲ್ಲಿ ಕೂತವರು "ಕ್ಲಚ್ಚು" ಅನ್ನುವುದಿಲ್ಲ.

ಸಂಜೆ ಭಾವ ವಿಷಯ ಎತ್ತಿದಾಗ ನಾನೂ ಅಲ್ಲಿದ್ದೆ. ಸಾಕ್ಷಿಗೆ ಎಂದು ಕರೆದಿದ್ದರು, ಯಾರ ಕಡೆಯ ಸಾಕ್ಷಿ ಎಂದು ಹೇಳಿರಲಿಲ್ಲ.

"ಅಪ್ಪಾ, ಸುಳ್ಳು ಹೇಳಿದ್ದು ನೀನು. ನಾನ್ಯಾಕೆ ಓಡಿಸಲಿ?" ಅಂದಳು ಪುಟ್ಟಿ.

"ನೀನು ಓಡಿಸಬೇಡಮ್ಮ. ಸ್ಟಿಯರಿಂಗ್ ಹಿಡ್ಕೊಂಡು ಕೂತ್ಕೋ, ಸಾಕು. ಕ್ಲಚ್ಚು, ಬ್ರೇಕು, ಗೇರು ಎಲ್ಲ ನಾನು ಈ ಕಡೆಯಿಂದ ನೋಡ್ಕೊಳ್ತೀನಿ. ಕಾಂಪೌಂಡಿನ ಒಳಗೇ ಒಂದು ಸುತ್ತು. ರಸ್ತೆಗೆ ಇಳಿಯೋದೇ ಇಲ್ಲ."

"ನಾನು ಬರಲ್ಲ."

ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಅಂದಳು, "ಸ್ಕೂಲ್ ಮುಚ್ಚಿದ್ರೆ ನಿಮ್ಮಪ್ಪ ಬೆಳಿಗ್ಗೆಯಿಂದ ಸಂಜೆವರೆಗೂ ಮನೇಲೇ ಇರ್ತಾರೆ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೊಮ್ಮೆ ಜ್ವರ ಬಂದು ಭಾವ ಒಂದು ವಾರ ಮನೆಯಲ್ಲಿದ್ದಾಗ, ಅಕ್ಕ ತಟ್ಟೆ ಹಿಡಿದು ಅಡುಗೆಮನೆಯಿಂದ ಹೊರಬಂದಾಗಲೆಲ್ಲ "ತಿರುವಲ್ಲಿ ನಿಧಾನ, ತಿರುವಲ್ಲಿ ನಿಧಾನ" ಎನ್ನುತ್ತಿದ್ದರು. ಆ ವಾರದ ನೆನಪು ಇಬ್ಬರ ಮುಖದಲ್ಲೂ ಹಾದುಹೋಯಿತು.

"ಭಾನುವಾರ ಎಷ್ಟು ಗಂಟೆಗೆ?" ಅಂದಳು ಪುಟ್ಟಿ.

ನಾನು ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು, "ತಮಾಷೆಗೆ ಅಂದೆ ಕಣೋ. ಆ ಬಾಗಿಲಿಗೆ ಬೀಗ ಹಾಕಿದ ದಿನ ಅವರು ಅನ್ನ ಮುಟ್ಟಲ್ಲ. ನಂಗೆ ಭಯ ಆಗುತ್ತೆ." ಅವಳ ಕಣ್ಣು ತುಂಬಿತ್ತು. ಈರುಳ್ಳಿ ಅಂದುಕೊಳ್ಳೋಣವೆಂದರೆ ಅವತ್ತು ಹೆಚ್ಚುತ್ತಿದ್ದದ್ದು ಹುರುಳಿಕಾಯಿ.

ಭಾನುವಾರಕ್ಕೆ ಮೊದಲು ಅಪ್ಪ ಮಗಳು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿದರು. ಭಾವ ಕೆಮ್ಮಿದರೆ ಪುಟ್ಟಿ ಆಕ್ಸಿಲರೇಟರ್ ಒತ್ತಬೇಕು, ಗಂಟಲು ಸರಿ ಮಾಡಿಕೊಂಡರೆ ಬಿಡಬೇಕು. ಉಳಿದದ್ದೆಲ್ಲ ಭಾವನ ಕೈಕಾಲು. ಹಿಂದಿನ ಸೀಟಿನಲ್ಲಿ ಕೂತು ನೋಡಿದ ನಾನು ಪ್ರಾಮಾಣಿಕವಾಗಿ ಹೇಳುತ್ತೇನೆ, ಇಬ್ಬರೂ ಸೇರಿ ಒಬ್ಬ ಬಹಳ ಒಳ್ಳೆಯ ಡ್ರೈವರ್ ಆಗಿದ್ದರು. ಸ್ವಲ್ಪ ನೆಗಡಿಯಾದ ಡ್ರೈವರ್, ಅಷ್ಟೇ.

ಭಾನುವಾರ ಕಾಂಪೌಂಡಿನೊಳಗೆ ಹೋದರೆ ಬಾಲ್ಕನಿಗಳೆಲ್ಲ ತುಂಬಿದ್ದವು. ಮಧ್ಯದಲ್ಲಿ ದುಂಡನೆಯ ಹೂದೋಟ, ಅದರ ಸುತ್ತ ರಸ್ತೆ, ರಸ್ತೆಯ ಅಂಚಿಗೆ ಹೊದ್ದು ಮಲಗಿದ ಕಾರುಗಳ ಸಾಲು. ಒಂದು ಕಟ್ಟೆಯ ಮೇಲೆ ಹುಡುಗ ಹುಡುಗಿಯರನ್ನು ಸಾಲಾಗಿ ಕೂರಿಸಿದ್ದರು. ಎಲ್ಲರ ತಲೆಯೂ ಫೋನಿನ ಮೇಲೆ ಬಾಗಿತ್ತು. ಗೇಟಿನ ಕಾವಲುಗಾರ ಸೀಟಿ ಕಚ್ಚಿಕೊಂಡು, ಪ್ರಪಂಚದ ಸಂಚಾರವೆಲ್ಲ ತನ್ನ ಹೆಗಲ ಮೇಲಿದೆ ಎನ್ನುವಂತೆ ನಿಂತಿದ್ದ.

ಪುಟ್ಟಿ ಬಲಗಡೆ ಕೂತಳು, ನಾನು ಹಿಂದೆ. ಭಾವ ಎಡಗಡೆ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟರು.

"ನೀವ್ಯಾಕೆ ಅಲ್ಲಿ?" ಅಂದರು ಅಧ್ಯಕ್ಷೆ. "ಹಿಂದೆ ನಿದ್ದೆ ಮಾಡ್ತೀನಿ ಅಂದಿದ್ರಲ್ಲ. ಹೋಗಿ ಮಾಡಿ. ಪಕ್ಕದಲ್ಲಿ ನಾನು ಕೂತ್ಕೊಳ್ತೀನಿ."

"ಅಮ್ಮಾವ್ರೇ, ಅದು..."

"ಏನದು?"

ಭಾವನಿಗೆ ಹೇಳುವುದಕ್ಕೆ ಒಂದೇ ಒಂದು ನಿಜವಾದ ಮಾತಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಬಂದು ನನ್ನ ಪಕ್ಕ ಹಿಂದೆ ಕೂತರು.

ಅಧ್ಯಕ್ಷೆ ಮೆಲ್ಲಗೆ ಒಳಗೆ ಕೂತು ಕೆಳಗೆ ನೋಡಿದರು. "ಪರವಾಗಿಲ್ಲ ಮೇಷ್ಟ್ರೇ, ಕಾಲಿಡೋಕೆ ಒಳ್ಳೇ ವ್ಯವಸ್ಥೆ ಮಾಡಿದ್ದೀರಿ" ಎಂದು ಕ್ಲಚ್ಚಿನ ಮೇಲೆ ಒಂದು ಪಾದ, ಬ್ರೇಕಿನ ಮೇಲೆ ಒಂದು ಪಾದ ಊರಿ ಭದ್ರವಾಗಿ ಕೂತರು.

ಪುಟ್ಟಿ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದಳು. ಅಪ್ಪ ಕಣ್ಣಿನಲ್ಲೇ "ಶುರು ಮಾಡು" ಅಂದರು, ಇನ್ನೇನು ಮಾಡಿಯಾರು. ಅವಳು ಕೀ ತಿರುಗಿಸಿದಳು, ಮೈದಾನದಲ್ಲಿ ನೋಡಿದ ನೆನಪಿನಿಂದ ಗೇರನ್ನು ಒಂದಕ್ಕೆ ತಳ್ಳಿದಳು. ಗಾಡಿ ಅಲ್ಲಾಡಲಿಲ್ಲ. ಹೇಗೆ ಅಲ್ಲಾಡೀತು, ಹೆಡ್‌ಮಿಸ್ಟ್ರೆಸ್ ತುಳಿದು ಕೂತಿದ್ದಾರೆ.

ಆಗ ನಮ್ಮ ಭಾವನ ತಲೆ ಓಡಿತು. ಅವರ ತಲೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಮ್ಮಾವ್ರೇ, ನಿಮಗೆ ಮಂಡಿ ನೋವಲ್ವಾ? ಎರಡೂ ಪಾದ ಮೆಲ್ಲಗೆ, ಬಹಳ ಮೆಲ್ಲಗೆ ಮೇಲಕ್ಕೆತ್ತಿ."

"ಯಾಕ್ರೀ?"

"ಮಂಡಿಗೆ ಒಳ್ಳೇದು. ದೊಡ್ಡ ದೊಡ್ಡ ಡಾಕ್ಟರು ಹೇಳಿದ್ದಾರೆ. ಗಾಡೀಲಿ ಕೂತಾಗಲೇ ಮಾಡ್ಬೇಕಂತೆ."

ಅಧ್ಯಕ್ಷೆ ಶಿಸ್ತಿನ ಹೆಂಗಸು. ಹೇಳಿದ ವ್ಯಾಯಾಮ ಹೇಳಿದ ಹಾಗೆ ಮಾಡಿದರು. ನೋಯುವ ಮಂಡಿಯಾದ್ದರಿಂದ ಪಾದಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೆದ್ದವು. ಗಾಡಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ಒಂದಿಷ್ಟು ಜರ್ಕ್ ಇಲ್ಲ, ಸದ್ದಿಲ್ಲ. ಬಾಲ್ಕನಿಯಿಂದ ಯಾರೋ ಚಪ್ಪಾಳೆ ತಟ್ಟಿದರು.

ಎದುರಿಗೆ ರಸ್ತೆಯುಬ್ಬು ಬಂತು. ಅಧ್ಯಕ್ಷೆಗೆ ಹೆದರಿಕೆಯಾಯಿತು. ಹೆದರಿಕೆಯಾದವರು ಏನು ಮಾಡುತ್ತಾರೆ? ಎರಡೂ ಕಾಲು ಊರುತ್ತಾರೆ. ಗಾಡಿ ಉಬ್ಬಿನ ಮುಂದೆ ಮರ್ಯಾದೆಯಿಂದ ನಿಂತಿತು.

"ಅಬ್ಬಾ! ನೋಡಿ ಮೇಷ್ಟ್ರೇ, ನಿಲ್ಲಿಸಬೇಕು ಅಂತ ನನ್ನ ಮನಸ್ಸಿಗೆ ಬರೋ ಹೊತ್ತಿಗೆ ನಿಲ್ಲಿಸಿಬಿಟ್ಟಳು!"

"ಅದೇ ಅವಳ ವಿಶೇಷ" ಅಂದರು ಭಾವ. "ಈಗ ಪಾದ ಮೇಲೆ, ಅಮ್ಮಾವ್ರೇ."

ಹೀಗೆ ಪಾದ ಮೇಲೆ, ಪಾದ ಕೆಳಗೆ ಎನ್ನುತ್ತಾ ಅರ್ಧ ಸುತ್ತು ಆಯಿತು. ತಿರುವಿನಲ್ಲಿ ನಿಂತಿತು, ಹೂಕುಂಡದ ಮುಂದೆ ನಿಂತಿತು, ಅಡ್ಡ ಬಂದ ಪುಟ್ಟ ಸೈಕಲ್ಲಿಗೆ ದಾರಿ ಬಿಟ್ಟು ನಿಂತಿತು. ಪುಟ್ಟಿ ಸ್ಟಿಯರಿಂಗನ್ನು ಪ್ರಾಣದ ಹಾಗೆ ಹಿಡಿದಿದ್ದಳು. ಭಾವನ ಉಸಿರು ಹದಕ್ಕೆ ಬಂತು. ಇನ್ನು ಅರ್ಧ ಸುತ್ತು, ಸ್ಕೂಲು ಉಳಿದಂತೆಯೇ ಎಂದು ನನಗೂ ಅನ್ನಿಸಿತು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಅಧ್ಯಕ್ಷೆಗೆ ಪುಟ್ಟಿಯ ಮೇಲೆ ನಂಬಿಕೆ ಬಂದುಬಿಟ್ಟಿತು.

"ಮಗೂ, ನಿನ್ನ ಪಕ್ಕ ಕೂತ್ರೆ ಒಂದು ಚೂರೂ ಭಯ ಇಲ್ಲ" ಎಂದು, ಎರಡೂ ಕಾಲನ್ನು ಬಾಗಿಲ ಕಡೆಗೆ ಸರಿಸಿ, ಒಂದರ ಮೇಲೊಂದು ಹಾಕಿಕೊಂಡು, ಕಿಟಕಿಯಿಂದ ಕೈ ಹೊರಚಾಚಿ ಬಾಲ್ಕನಿಯವರಿಗೆ ಬೀಸತೊಡಗಿದರು. ಕ್ಲಚ್ಚು ಬ್ರೇಕುಗಳು ಅನಾಥವಾದವು. ಗಾಡಿ ತನ್ನ ಪಾಡಿಗೆ ತಾನು ಹೊರಟಿತು.

"ಅಮ್ಮಾವ್ರೇ, ಪಾದ ಕೆಳಗೆ!" ಅಂದರು ಭಾವ.

"ಬೇಡ ರೀ, ಸಾಕು. ಎಷ್ಟು ಹಗುರಾಗಿದೆ ಗೊತ್ತಾ ಮಂಡಿ? ನಿಮ್ಮ ಡಾಕ್ಟರು ದೇವರಂಥವರು."

"ಅಮ್ಮಾವ್ರೇ, ದಯವಿಟ್ಟು ಕೆಳಗೆ!"

"ಬೇಡ ಅಂದೆನಲ್ಲ."

ಒಂದು ಸುತ್ತು ಮುಗಿಯಿತು, ಇನ್ನೊಂದು ಶುರುವಾಯಿತು. ರಸ್ತೆಯುಬ್ಬಿಗೆ ನಿಲ್ಲಲಿಲ್ಲ, ನಾವು ನಾಲ್ವರೂ ಒಟ್ಟಿಗೆ ಚಾವಣಿ ಮುಟ್ಟಿ ಕೆಳಗೆ ಬಂದೆವು. ಕಾವಲುಗಾರ ಸೀಟಿ ಊದಿದ. ಕಟ್ಟೆಯ ಮೇಲಿದ್ದ ಹುಡುಗರು ಮೊಟ್ಟಮೊದಲ ಬಾರಿ ಫೋನಿನಿಂದ ತಲೆ ಎತ್ತಿದರು. ಭಾವ ಹಿಂದಿನ ಸೀಟಿನ ನೆಲವನ್ನು ತಮ್ಮ ಬಲಗಾಲಿನಿಂದ ಜಜ್ಜುತ್ತಿದ್ದರು, ನೆಲ ಏನು ತಾನೇ ಮಾಡೀತು.

"ಪುಟ್ಟೀ, ಮಧ್ಯದ್ದು ಒತ್ತು! ನಿನ್ನ ಕಾಲಡಿ ಮಧ್ಯದ್ದು!"

"ಯಾವ ಕಡೆಯಿಂದ ಮಧ್ಯದ್ದು ಅಪ್ಪಾ?"

"ಮಧ್ಯದ್ದು ಅಂದ್ರೆ ಎಲ್ಲಾ ಕಡೆಯಿಂದಲೂ ಮಧ್ಯದ್ದೇ ಕಣೇ!"

"ಕಿರುಚಬೇಡ!" ಎಂದು ಕಿರುಚಿ ಪುಟ್ಟಿ ಯಾವುದನ್ನೋ ಒತ್ತಿದಳು. ಅದು ಮಧ್ಯದ್ದಾಗಿರಲಿಲ್ಲ. ಗಾಡಿ ರೊಂಯ್ ಎಂದು ಅಧ್ಯಕ್ಷೆಯ ಮನೆಯವರ ಕಾರಿನ ಕಡೆಗೇ ನುಗ್ಗಿತು. ಹೊದಿಕೆಯ ಮೇಲಿದ್ದ ಬೆಕ್ಕು ಎದ್ದು ನಿಂತಿತು. ಆಮೇಲೆ ಪುಟ್ಟಿಗೆ ಮಧ್ಯದ್ದು ಸಿಕ್ಕಿತು. ಗಾಡಿ ಕುಕ್ಕರಿಸಿ, ಎರಡು ಸಲ ಕೆಮ್ಮಿ, ಬೆಕ್ಕಿಗೆ ಒಂದು ಗೇಣು ದೂರದಲ್ಲಿ ಆರಿಹೋಯಿತು. ಅಧ್ಯಕ್ಷೆಯ ಕನ್ನಡಕ ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿತ್ತು. ನನ್ನ ಅಂಗಡಿಯದ್ದು, ಒಡೆದಿರಲಿಲ್ಲ.

"ಇದೇನಮ್ಮಾ ಹೀಗೆ ನಿಲ್ಲಿಸಿದೆ?" ಅಂದರು ಅಧ್ಯಕ್ಷೆ, ಅದನ್ನು ಹುಡುಕಿ ಹಾಕಿಕೊಳ್ಳುತ್ತಾ. "ಅಷ್ಟು ಹೊತ್ತು ಎಷ್ಟು ಚೆನ್ನಾಗಿ ನಿಲ್ಲಿಸ್ತಿದ್ದೆ!"

ಪುಟ್ಟಿ ಸ್ಟಿಯರಿಂಗಿನಿಂದ ಕೈ ತೆಗೆದಳು. "ಮೇಡಂ, ಇದೊಂದೇ ಸಲ ನಾನು ನಿಲ್ಲಿಸಿದ್ದು. ಅಷ್ಟು ಹೊತ್ತು ನಿಲ್ಲಿಸಿದ್ದು ನೀವು. ನೀವು ಕಾಲಿಟ್ಟಿದ್ರಲ್ಲ, ಅದೇ ಕ್ಲಚ್ಚು, ಅದೇ ಬ್ರೇಕು. ನನಗೆ ಡ್ರೈವಿಂಗ್ ಬರಲ್ಲ."

ಅಧ್ಯಕ್ಷೆ ಬಗ್ಗಿ ತಮ್ಮ ಪಾದಗಳ ಬಳಿ ನೋಡಿದರು. ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ಜನ ಸೇರಿದ್ದರು. ಭಾವ ಕೆಳಗಿಳಿದು ಎಲ್ಲರ ಮುಂದೆ ಕೈಮುಗಿದರು. "ತಪ್ಪಾಯ್ತು ಅಮ್ಮಾವ್ರೇ. ಬುರುಡೆ ಬಿಟ್ಟೆ. ಹುಡುಗ್ರು ಯಾರೂ ಬರ್ತಿಲ್ಲ, ಸ್ಕೂಲ್ ಮುಚ್ಚಿ ಹೋಗುತ್ತೆ ಅಂತ ಹೊಟ್ಟೆ ಉರಿದು ಬಿಟ್ಟೆ. ಮಗಳದ್ದೇನೂ ತಪ್ಪಿಲ್ಲ."

"ದಂಡ ಹಾಕ್ಲಾ ಮೇಡಂ?" ಅಂದ ಕಾವಲುಗಾರ.

ಮೇಲಿನ ಬಾಲ್ಕನಿಯಿಂದ ಅಧ್ಯಕ್ಷೆಯ ಯಜಮಾನರು ಕೂಗಿದರು, "ಏನೇ ಅದು ಗಲಾಟೆ? ನಂಗೇನೂ ಕಾಣಿಸ್ತಿಲ್ಲ. ಮೊದಲು ಸದ್ದೇ ಇಲ್ಲದೆ ಅಷ್ಟು ಚೆನ್ನಾಗಿ ಓಡಿಸ್ತಿದ್ದದ್ದು ಯಾರು?"

ಈ ಯಜಮಾನರು ಕಣ್ಣು ಚೆನ್ನಾಗಿದ್ದ ಅಷ್ಟೂ ವರ್ಷ ಕಾರಿನ ಕೀಯನ್ನು ತಮ್ಮ ಜೇಬಿನಿಂದ ಹೊರಗೆ ಬಿಟ್ಟವರಲ್ಲ. "ಇದೆಲ್ಲ ನಿನ್ನ ಕೈಲಾಗಲ್ಲ" ಎಂದು ಹೆಂಡತಿಗೆ ಹೇಳಿದ್ದನ್ನು ನನ್ನ ಅಂಗಡಿಯಲ್ಲೇ ನಾನು ಎಷ್ಟೋ ಸಲ ಕೇಳಿದ್ದೇನೆ.

ಅಧ್ಯಕ್ಷೆ ಕಾರಿನಿಂದ ಇಳಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ತಲೆ ಮೇಲೆತ್ತಿದರು.

"ನಾನು" ಅಂದರು.

"ಯಾರು?"

"ನಾನು ಅಂದೆ. ಹೊರಡಿಸಿದ್ದೂ ನಾನೇ, ಎಲ್ಲಾ ಕಡೆ ನಿಲ್ಲಿಸಿದ್ದೂ ನಾನೇ. ಬೇಕಾದ್ರೆ ಮೇಷ್ಟ್ರನ್ನ ಕೇಳಿ."

ಎಲ್ಲರೂ ಭಾವನ ಕಡೆ ನೋಡಿದರು. ಆ ವಾರದಲ್ಲಿ ಮೊದಲ ಬಾರಿಗೆ ಭಾವನಿಗೆ ತಲೆ ತಗ್ಗಿಸದೆ ನಿಜ ಹೇಳುವ ಅವಕಾಶ ಸಿಕ್ಕಿತ್ತು, ಧೈರ್ಯವಾಗಿ ಹೇಳಿದರು. "ನಿಜ ಸರ್. ಸ್ಟಿಯರಿಂಗು, ಗೇರು ಬಿಟ್ಟು ಉಳಿದದ್ದೆಲ್ಲ ಅಮ್ಮಾವ್ರೇ. ಕ್ಲಚ್ ಬಿಡೋದು ಅಂದ್ರೆ ಹಾಗೆ ಬಿಡಬೇಕು. ಇಷ್ಟು ವರ್ಷದಲ್ಲಿ ಅಂಥಾ ಕಾಲು ನಾನು ನೋಡಿಲ್ಲ."

ಅಧ್ಯಕ್ಷೆ ಕಟ್ಟೆಯ ಮೇಲಿದ್ದ ಮೊಮ್ಮಗನನ್ನು ಕೇಳಿದರು, "ಈಗಾದ್ರೂ ಕಲೀತೀಯೇನೋ?"

"ಇಲ್ಲ ಅಜ್ಜಿ" ಅಂದ ಅವನು, ಬಹಳ ವಿನಯದಿಂದ. "ನೀನೇ ಕಲಿ. ನಾನು ಪಕ್ಕ ಕೂತು ಹಾಡು ಹಾಕ್ತೀನಿ." ಉಳಿದ ಹುಡುಗರೂ ಅದೇ ಸರಿ ಎಂದು ಎದ್ದು ಹೋದರು. ಒಬ್ಬರೂ ಸೇರಲಿಲ್ಲ. ಭಾವ ಗಾಡಿಯನ್ನು ತಾವೇ ಓಡಿಸಿಕೊಂಡು ವಾಪಸ್ಸು ಬಂದರು.

ಸೋಮವಾರ ಬೆಳಿಗ್ಗೆ, ಖಾಲಿ ಮಾಡುತ್ತೇನೆಂದು ಮಾಲೀಕರಿಗೆ ಹೇಳಿಬಿಡಲು ಭಾವ ಬೇಗನೇ ಬಂದರು. ಸ್ಕೂಲಿನ ಮೆಟ್ಟಿಲ ಮೇಲೆ ಅಧ್ಯಕ್ಷೆ ಕೂತಿದ್ದರು. ಅವರ ಹಿಂದಿನ ಮೆಟ್ಟಿಲಲ್ಲಿ ಅದೇ ಕಾಂಪೌಂಡಿನ ಇನ್ನೂ ನಾಲ್ಕು ಹೆಂಗಸರು, ಗಂಡ ಓಡಿಸುವಾಗ ಜೀವನವೆಲ್ಲ ಪಕ್ಕದ ಸೀಟಿನ ನೆಲ ಒತ್ತಿದವರು. ಅವರ ಹಿಂದೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್, "ನನ್ನ ಮಗ ಕಲಿಯೋವರೆಗೂ ಕಾಯ್ತಾ ಕೂತ್ರೆ ನಾನೇ ಹೊರಟುಹೋಗ್ತೀನಿ" ಎಂದು ಬಂದಿದ್ದರು.

"ಎಷ್ಟು ಹೊತ್ತು ಕಾಯಿಸ್ತೀರಿ ಮೇಷ್ಟ್ರೇ?" ಅಂದರು ಅಧ್ಯಕ್ಷೆ. "ಅಷ್ಟೂ ಜನಾನ ಸೇರಿಸ್ತೀನಿ ಅಂದಿದ್ದೆ. ವಯಸ್ಸು ಎಷ್ಟು ಅಂತ ಹೇಳಿರಲಿಲ್ಲ."

ವಾರ ಕಳೆಯುವುದರೊಳಗೆ ಗುಂಪು ದೊಡ್ಡದಾಯಿತು. ಮಾಲೀಕರು ಫೋನ್ ರಿಪೇರಿಯವನಿಗೆ ಬೇರೆ ಜಾಗ ತೋರಿಸಿದರು. ಆ ಗುಂಪಿನ ಪ್ರತಿಯೊಬ್ಬರಿಗೂ ಕನ್ನಡಕ ಬೇಕಿತ್ತು ಎಂಬುದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಭಾವ ಮೊದಮೊದಲು ಇವರ ಮೇಲೂ ಕಿರುಚಿದರು, ಆಮೇಲೆ ಬಿಟ್ಟರು, ಯಾಕೆಂದರೆ ಈ ಶಿಷ್ಯರೇ ತಿರುಗಿಸಿ ಕಿರುಚುತ್ತಿದ್ದರು.

ಲೈಸೆನ್ಸ್ ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಹೊರಬಂದು, ತುಂಬಿದ ವರಾಂಡ ನೋಡಿ, "ಪರೀಕ್ಷೆಗೆ ಬಂದಿರೋ ಮಕ್ಕಳು ಮಾತ್ರ ಇಲ್ಲಿರಲಿ. ದೊಡ್ಡವರೆಲ್ಲ ಹೊರಗೆ ಹೋಗಿ" ಅಂದರು. ಯಾರೂ ಏಳಲಿಲ್ಲ.

"ಹೇಳಿದ್ದು ಕೇಳಿಸ್ಲಿಲ್ವಾ? ನಿಮ್ಮ ಮಕ್ಕಳೆಲ್ಲಿ?"

"ಹೊರಗೆ ಮರದ ಕೆಳಗಿದ್ದಾರೆ" ಅಂದರು ಅಧ್ಯಕ್ಷೆ. "ಬಹಳ ಹೆದರಿಕೊಂಡಿದ್ದಾರೆ. ನೀವೇ ಹೋಗಿ ಸ್ವಲ್ಪ ಧೈರ್ಯ ಹೇಳಿ ಬನ್ನಿ ಸರ್."

ನಿಜವಾಗಿಯೂ ಮರದ ಕೆಳಗಿದ್ದರು. ಮೊಮ್ಮಗ ಅಜ್ಜಿಯ ಕೈಚೀಲ, ನೀರಿನ ಬಾಟಲಿ ಹಿಡಿದು ಉಗುರು ಕಚ್ಚುತ್ತಿದ್ದ. ಯಜಮಾನರು ಬೆಂಚಿನ ತುದಿಯಲ್ಲಿ ಕೂತು "ಈಗೇನಾಯ್ತೋ? ಈಗೇನಾಯ್ತೋ?" ಎಂದು ಅವನ ಜೀವ ತಿನ್ನುತ್ತಿದ್ದರು. ಅಧ್ಯಕ್ಷೆ ಪಾಸಾದರು. ದಿಣ್ಣೆಯ ಮೇಲೆ ಗಾಡಿ ನಿಲ್ಲಿಸಿ ಹೊರಡಿಸಿದ್ದನ್ನು ನೋಡಿ ಇನ್‌ಸ್ಪೆಕ್ಟರು ಇನ್ನೊಂದು ಸಲ ಮಾಡಿ ತೋರಿಸಿ ಎಂದು ಕೇಳಿದರಂತೆ, ತಮ್ಮ ಸಂತೋಷಕ್ಕೆ. ಯಜಮಾನರು ಜೇಬಿಗೆ ಕೈ ಹಾಕಿ, ಕೀ ತೆಗೆದು, ಹೆಂಡತಿಯ ಅಂಗೈ ಹುಡುಕಿ ಅದರಲ್ಲಿಟ್ಟರು.

ಪುಟ್ಟಿಯೂ ಅರ್ಧ ದಿನ ರಜ ಹಾಕಿ ಬಂದಿದ್ದಳು. ಎಲ್ಲರೂ ಹೋದ ಮೇಲೆ ಬಸ್‌ಸ್ಟಾಪಿನಲ್ಲಿ ನಾವು ಮೂವರೇ ಉಳಿದೆವು. ಭಾವ ಮಗಳ ಮುಖ ನೋಡದೆ, ರಸ್ತೆ ನೋಡುತ್ತಾ ಹೇಳಿದರು, "ಆವತ್ತು ನಿನ್ನ ಮೇಲೆ ಹಾಗೆ ಕಿರುಚಬಾರದಿತ್ತು ಪುಟ್ಟೀ. ಈಗ ನಾನು ಯಾರ ಮೇಲೂ ಕಿರುಚಲ್ಲ. ನೀನೂ ಒಂದು ಸಲ ಬಂದು ಕಲಿ."

ಪುಟ್ಟಿ ಅವರ ತೋಳು ಹಿಡಿದುಕೊಂಡಳು. "ಬರ್ತೀನಪ್ಪಾ. ಅರವತ್ತು ತುಂಬಲಿ, ಖಂಡಿತ ಬರ್ತೀನಿ. ಅಲ್ಲೀವರೆಗೂ ನೀನು ಸ್ಕೂಲ್ ಮುಚ್ಚಬೇಡ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಭಾವ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು, ಲೆಕ್ಕ ಅರ್ಧಕ್ಕೇ ಬಿಟ್ಟರು, ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿದರು.

"ಮುಚ್ಚಲ್ಲ ಕಣೇ!" ಎಂದು ಕೂಗಿದರು.